ಗೈಡಿನ ಕೈಗೆ ಒಬ್ಬನೇ ಸಿಕ್ಕಾಗ

ಹಂಪಿಯಲ್ಲಿ ದೊಡ್ಡಸ್ತಿಕೆಗೆ ನನಗೊಬ್ಬನಿಗೇ ಅಂತ ಗೈಡ್ ಗೊತ್ತುಮಾಡಿಕೊಂಡೆ. ಗುಂಪಿನಲ್ಲಾದರೆ ಹಿಂದೆ ನಿಂತು ಆಕಳಿಸಬಹುದು. ಇಲ್ಲಿ ಇಡೀ ವಿಜಯನಗರದ ಭಾರ ನನ್ನೊಬ್ಬನ ತಲೆಯ ಮೇಲೆ. ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ಎಂದಾಗಲೇ ಹಸಿದ ಹೊಟ್ಟೆಗೆ ಒಗ್ಗರಣೆ, ಉಸಲಿ ಕಾಣಿಸತೊಡಗಿದವು. ‘ಉಗ್ರನರಸಿಂಹನನ್ನು ಕೆತ್ತಿಸಿದ್ದು ಯಾವಾಗ ಅಂದೆ ಸಾರ್?’ ಎಂದು ಮೇಷ್ಟ್ರ ಹಾಗೆ ತಿರುಗಿ ಕೇಳಿದ. ‘1528, ಕೃಷ್ಣದೇವರಾಯ’ ಎಂದು ಕೈಕಟ್ಟಿ ಒಪ್ಪಿಸಿದೆ. ‘ಭೇಷ್’ ಸಿಕ್ಕಿತು, ನೆರಳು ಸಿಗಲಿಲ್ಲ. ಪಕ್ಕದಲ್ಲೇ ನೀರಿನಲ್ಲಿ ತಣ್ಣಗೆ ನಿಂತ ಬಡವಿಲಿಂಗವನ್ನು ಕಂಡು ಹೊಟ್ಟೆಕಿಚ್ಚಾಯಿತು. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಚಕ್ರಗಳಿವೆ, ಆದರೂ ನಿಂತೇ ಇದೆ. ಚಕ್ರವಿಲ್ಲದ ನಾನು ಮಾತ್ರ ನಡೆಯುತ್ತಲೇ ಇರಬೇಕು. ಕೊನೆಗೆ ಎಣಿಸಿಕೊಟ್ಟ 50 ರೂಪಾಯಿ ನೋಟುಗಳ ಬೆನ್ನ ಮೇಲೂ ಅದೇ ರಥ! ಹಂಪಿಗೆ ಹೊರಟವರೇ, ಗೈಡ್ ಖಂಡಿತ ಬೇಕು. ಜೊತೆಗೆ ಉತ್ತರ ಹೇಳಲು ಹೈಸ್ಕೂಲು ಓದುವ ಮಗುವನ್ನೂ ಕರೆದೊಯ್ಯಿರಿ.