ಚೆರ್ರಿ ಕೊಯ್ಯಲಿಕ್ಕೂ ಡಿಗ್ರಿ ಬೇಕು

ನಮ್ಮ ಸಾಗರ ಸೀಮೆಯಲ್ಲಿ ಹೆಣ್ಣುಮಕ್ಕಳು ವಿದೇಶಕ್ಕೆ ಹೋಗಲು ಮೂರೇ ಮೂರು ಕಾರಣಗಳು ಚಲಾವಣೆಯಲ್ಲಿವೆ: ಓದು, ಕಂಪನಿ, ಗಂಡ. ಈ ಮೂರರಲ್ಲಿ ಯಾವುದನ್ನು ಹೇಳಿದರೂ ಕೇಳಿದವರು ‘ಒಳ್ಳೇದಾತು ಬಿಡಿ’ ಎಂದು ಕವಳದ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ನಮ್ಮ ಮಗಳು ನಾಲ್ಕನೆಯದೊಂದನ್ನು ತಂದಿಟ್ಟಳು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಆಸ್ಟ್ರೇಲಿಯಾದಲ್ಲಿ ಒಂದು ವರ್ಷ ಸುಮ್ಮನೆ ಇದ್ದು ಬರುತ್ತಾಳಂತೆ. ಕೈಖರ್ಚಿಗೆ ಅಲ್ಲಲ್ಲಿ ಹಣ್ಣು ಕೊಯ್ಯುತ್ತಾಳಂತೆ. ಇದಕ್ಕೆ ಗ್ಯಾಪ್ ಇಯರ್ ಅನ್ನುತ್ತಾರಂತೆ. ನಾನು ಇಷ್ಟು ಹೇಳುವುದರೊಳಗೆ ಎದುರಿಗಿದ್ದವರ ಬಾಯಲ್ಲಿ ಕವಳ ನಿಂತುಬಿಡುತ್ತಿತ್ತು. ‘ಕೆಲಸದಿಂದ ತೆಗೆದ್ರಾ?’ ಎಂದು ಗಂಡಸರು ಕೇಳುತ್ತಿದ್ದರು. ಹೆಂಗಸರು ಏನೂ ಕೇಳುತ್ತಿರಲಿಲ್ಲ. ನನ್ನ ಕೈ ಹಿಡಿದು ಒಮ್ಮೆ ಒತ್ತಿ ಬಿಡುತ್ತಿದ್ದರು.

ಇಡೀ ಊರಿನಲ್ಲಿ ಸಂಗತಿ ಸಲೀಸಾಗಿ ಅರ್ಥವಾದದ್ದು ನನ್ನ ಅತ್ತೆಗೆ ಮಾತ್ರ. ‘ಇದೆಂತ ಹೊಸತು? ಕಾಶೀಯಾತ್ರೆ ಅಲ್ದಾ?’ ಅಂದರು. ಹೌದಲ್ಲ! ನಮ್ಮ ಮದುವೆಗಳಲ್ಲಿ ಮದುಮಗ ಕೊಡೆ, ಕೋಲು, ಪಾದುಕೆ ಸಮೇತ ಲೋಕ ಸುತ್ತಲು ಹೊರಡುತ್ತಾನೆ. ಅಂಗಳದ ತುದಿ ಮುಟ್ಟುವುದರೊಳಗೆ ಹೆಣ್ಣಿನ ಅಪ್ಪ ಅಡ್ಡ ಬಂದು, ಮಗಳನ್ನು ಕೊಡುತ್ತೇನೆ, ವಾಪಸು ಬಾ ಎನ್ನುತ್ತಾನೆ. ವರ ಕೊಡೆ ಮಡಚಿ ಊಟಕ್ಕೆ ಬರುತ್ತಾನೆ. ‘ಇವಳಿಗೆ ಅಡ್ಡ ಬರಲಿಕ್ಕೆ ಮಾವ ಇಲ್ಲ. ಅದಕ್ಕೇ ಹೋಗಿಯೇಬಿಡ್ತಾಳೆ ನೋಡು’ ಎಂದು ಅತ್ತೆ ಷರಾ ಬರೆದರು. ಮಗಳು ಉತ್ಸಾಹಗೊಂಡು, ಜರ್ಮನಿಯಲ್ಲಿ ಕಸುಬು ಕಲಿತ ಬಡಗಿಗಳು ಇವತ್ತಿಗೂ ಮೂರು ವರ್ಷ ಒಂದು ದಿನ ದೇಶ ತಿರುಗುತ್ತಾರೆ, ಅಷ್ಟು ಕಾಲ ಸ್ವಂತ ಊರಿನ 50 ಕಿಲೋಮೀಟರ್ ಒಳಗೆ ಕಾಲಿಡುವುದಿಲ್ಲ ಎಂದು ವಿವರಿಸಿದಳು. ನಮ್ಮ ಯಜಮಾನರು ಗಮನವಿಟ್ಟು ಕೇಳಿ, ‘50 ಆದ್ರೆ ಶಿರಸಿ ಸಾಕಲ್ಲ. ಅಲ್ಲಿ ದೊಡ್ಡಮ್ಮನ ಮನೆನೂ ಇದ್ದು’ ಎಂದರು.

ಭಾರತದವರಿಗೆ ಈ ದಾರಿ ತೆರೆದದ್ದು 2024ರಲ್ಲಿ. 462 ನಂಬರಿನ ವೀಸಾ. ‘ವರ್ಕ್ ಆ್ಯಂಡ್ ಹಾಲಿಡೇ’ ಎಂದು ಹೆಸರು. ಕೆಲಸ, ರಜೆ ಎರಡನ್ನೂ ಒಂದೇ ಕಾಗದದಲ್ಲಿ ಕೊಡುವ ಸರ್ಕಾರವೂ ಇದೆಯಲ್ಲ ಎಂದು ನನಗೆ ಬೆರಗಾಯಿತು. ವಯಸ್ಸು 18ರಿಂದ 30. ವರ್ಷಕ್ಕೆ 1,000 ಮಂದಿಗೆ ಮಾತ್ರ ಅವಕಾಶ. 25 ಡಾಲರ್ ಕಟ್ಟಿ ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಮೊದಲ ವರ್ಷ ಎರಡೇ ವಾರದಲ್ಲಿ 40,000ಕ್ಕೂ ಹೆಚ್ಚು ಹೆಸರು ಬಂದವು ಎಂಬ ಸುದ್ದಿ ಓದಿದ ಮೇಲೆ ಯಜಮಾನರ ಮುಖ ಅರಳಿತು. ನಮ್ಮ ಮನೆತನದಲ್ಲಿ ಚೀಟಿ ಎತ್ತಿ ಯಾರಿಗೂ ಯಾವುದೂ ಸಿಕ್ಕಿದ ದಾಖಲೆಯಿಲ್ಲ. ಯಕ್ಷಗಾನ ಮೇಳದ ಲಕ್ಕಿ ಡಿಪ್ಪಿನಲ್ಲಿ ಸ್ಟೀಲ್ ಚೊಂಬು ಸಹ ಬಂದಿಲ್ಲ. ಆ ಧೈರ್ಯದ ಮೇಲೆ ಅವರು ಮಗಳಿಗೆ ತುಂಬು ಮನಸ್ಸಿನಿಂದ ಆಶೀರ್ವಾದ ಮಾಡಿದರು. ನಾನು ಗಣಪತಿಗೆ ತೆಂಗಿನಕಾಯಿ ಹೇಳಿಕೊಂಡೆ. ಚೀಟಿ ಬರಲಿ ಎಂದೋ ಬಾರದಿರಲಿ ಎಂದೋ ಸ್ಪಷ್ಟಪಡಿಸಲಿಲ್ಲ. ಅಂತೂ ಬಂತು. ಯಾವುದಾದರೂ ಒಂದು ಆಗಿಯೇ ತೀರಬೇಕಾದ್ದರಿಂದ ಕಾಯಿ ಒಡೆಸಿದೆ.

ಆಮೇಲೆ ನಾನು ತಾಯಿಯಾಗಿ ಸಹಾಯಕ್ಕೆ ಟೊಂಕ ಕಟ್ಟಿದೆ. ಕಟ್ಟಿದ ಮೇಲೆ ತಿಳಿಯಿತು, ಮಾಡಲಿಕ್ಕೆ ಕೆಲಸವೇ ಇರಲಿಲ್ಲ. ಖಾತೆಯಲ್ಲಿ ಸುಮಾರು 5,000 ಡಾಲರ್ ತೋರಿಸಬೇಕಂತೆ ಎಂದಾಗ, ಸೊಸೈಟಿಯಲ್ಲಿಟ್ಟ ಅಡಿಕೆ ದುಡ್ಡು ಬಿಡಿಸಲೇ ಎಂದು ಯಜಮಾನರು ಗಂಭೀರವಾಗಿ ಕೇಳಿದರು. ಅವಳ ಉಳಿತಾಯದಲ್ಲಿ ಅದಕ್ಕಿಂತ ಹೆಚ್ಚಿತ್ತು. ಹಲ್ಲಿನ ಡಾಕ್ಟರಿಗೆ ತೋರಿಸಿಕೋ, ಅಲ್ಲಿ ಹಲ್ಲು ನೋವು ಬಂದರೆ ವಿಮಾನದ ಟಿಕೆಟ್ಟಿನಷ್ಟು ಕೇಳುತ್ತಾರಂತೆ ಎಂದೆ. ತೋರಿಸಿಯಾಗಿತ್ತು. ಕನ್ನಡಕ ಇನ್ನೊಂದು ಜೊತೆ ಇರಲಿ ಎಂದೆ. ಇತ್ತು. ವಿಮೆ, ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಓರೆ ಕಡ್ಡಿಯ ಅಲ್ಲಿಯ ಪ್ಲಗ್ಗು, ಎಲ್ಲವೂ ಒಂದು ಎಕ್ಸೆಲ್ ಹಾಳೆಯಲ್ಲಿ ಹಸಿರು ಬಣ್ಣ ಬಳಿದುಕೊಂಡು ಕೂತಿದ್ದವು. ಹಾಳೆಯ ಕೊನೆಯ ಸಾಲಿನಲ್ಲಿ ‘ಅಮ್ಮ’ ಎಂದಿತ್ತು. ಅದೊಂದು ಮಾತ್ರ ಇನ್ನೂ ಕೆಂಪಾಗಿತ್ತು.

ನನಗೆ ಕೊನೆಗೂ ಸಿಕ್ಕ ಖಾತೆ ಒಟಿಪಿ. ಇಲ್ಲಿಯ ಬ್ಯಾಂಕಿನ ಒಟಿಪಿ ಇಲ್ಲಿಯ ನಂಬರಿಗೇ ಬರುವುದರಿಂದ ಅವಳ ಸಿಮ್ಮನ್ನು ಹಳೆಯ ಫೋನಿಗೆ ತುರುಕಿ ನನ್ನ ಕೈಗಿತ್ತಳು. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ರಿಸರ್ವ್ ಬ್ಯಾಂಕಿನವರು ಅಮಿತಾಭ್ ಬಚ್ಚನ್ ಬಾಯಲ್ಲೇ ಹೇಳಿಸಿದ್ದಾರಲ್ಲೇ ಎಂದರೆ, ‘ನಂಗೆ ನೀನು ಹೇಳ್ಬಹುದಮ್ಮ, ಅದು ನಂದೇ’ ಎಂದಳು. ಕಷ್ಟ ಅಮಿತಾಭರದ್ದಲ್ಲ, ಸಿಗ್ನಲ್ಲಿನದು. ನಮ್ಮ ಮನೆ ಇರುವುದು ಕಣಿವೆಯ ತಳದಲ್ಲಿ. ಸಿಗ್ನಲ್ ಸಿಗುವುದು ಹಿಂದಿನ ಗುಡ್ಡದ ಮೇಲಿನ ಗೇರುಮರದ ಬುಡದಲ್ಲಿ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಒಂದು ತಾಲೀಮು ನಡೆಸಿದೆವು. ಅವಳು ಜಗಲಿಯಲ್ಲಿ ಕೂತು ಗುಂಡಿ ಒತ್ತಿದಳು. ನಾನು ಗುಡ್ಡ ಹತ್ತಿ ಅಂಕಿ ನೋಡಿಕೊಂಡು ಇಳಿದು ಬಂದೆ. ಅಷ್ಟರಲ್ಲಿ ಅದರ ಆಯುಷ್ಯ ಮುಗಿದಿತ್ತು. ಮುಂದಿನ ಸಲ ಗುಡ್ಡದ ಮೇಲಿಂದಲೇ ಕೂಗಿದೆ. ನನ್ನ ದನಿ ಜಗಲಿಗೆ ತಲುಪಲಿಲ್ಲ. ನಡುವಿನ ಮನೆಯ ಭಟ್ಟರು ಅಂಕಿಗಳನ್ನು ಕೇಳಿಸಿಕೊಂಡು, ಮಂತ್ರ ಹೇಳಿ ರೂಢಿಯಾದ ಗಂಟಲಿನಲ್ಲಿ ಕೆಳಗೆ ದಾಟಿಸಿದರು. ವಹಿವಾಟು ಯಶಸ್ವಿಯಾಯಿತು. ಆವತ್ತಿನಿಂದ ಮಗಳ ಬ್ಯಾಂಕ್ ಖಾತೆಯ ಭದ್ರತೆ ಇಡೀ ಕೇರಿಯ ಜವಾಬ್ದಾರಿ.

ಇನ್ನೊಂದು ತೊಡಕು ಗಡಿಯಾರದ್ದು. ಅವಳು ಮೊದಲು ಹೋಗಲಿರುವ ಟಾಸ್ಮೇನಿಯಾ ಬೇಸಿಗೆಯಲ್ಲಿ ನಮಗಿಂತ ಐದೂವರೆ ತಾಸು ಮುಂದೆ. ನಮಗೆ ಚಳಿ ಹಿಡಿಯುವ ಡಿಸೆಂಬರಿನಲ್ಲೇ ಅಲ್ಲಿಯ ಬೇಸಿಗೆ. ಅವಳ ಬೆಳಗಿನ ಒಂಬತ್ತು ನಮ್ಮ ರಾತ್ರಿಯ ಮೂರೂವರೆ. ಆ ಹೊತ್ತಿನಲ್ಲಿ ಗೇರುಮರದ ಬುಡದಲ್ಲಿ ಕಾಡುಹಂದಿ ಇರುತ್ತದೆ. ಹಾಗಾಗಿ ಅಲ್ಲಿಯ ಹನ್ನೊಂದೂವರೆಗೆ ಮೊದಲು ಇಲ್ಲಿಯ ಖಾತೆಯ ದುಡ್ಡು ಮುಟ್ಟಕೂಡದೆಂದು ನಿಯಮ ಮಾಡಿದೆ. ಅವಳ ಹಾಳೆಯಲ್ಲಿ ನನ್ನ ಸಾಲು ಹಸಿರಾಯಿತು.

ಮೂಟೆ ಕಟ್ಟುವ ಪರ್ವ ಬಂತು. ಅತ್ತೆ ತಮ್ಮ ಪಟ್ಟಿ ಬಿಚ್ಚಿದರು: ಜಾಡಿ ಅಪ್ಪೆಮಿಡಿ, ಹಲಸಿನ ಹಪ್ಪಳ, ತೊಡೆದೇವು, ಜೋನಿ ಬೆಲ್ಲ, ಕಷಾಯದ ಪುಡಿ, ಒಂದು ಕಡಗೋಲು, ಬೇರಿಗೆ ಒದ್ದೆಬಟ್ಟೆ ಸುತ್ತಿದ ಒಂದೆಲಗ, ತುಳಸಿಕಟ್ಟೆಯ ಒಂದು ಹಿಡಿ ಮಣ್ಣು. ಮಗಳು ತಲೆಯ ಮೇಲೆ ಕೈ ಹೊತ್ತಳು. ಆ ದೇಶದಲ್ಲಿ ವಿಮಾನ ಇಳಿಯುವ ಮೊದಲು, ಬಳಿಯಲ್ಲಿರುವ ತಿನಿಸು, ಬೀಜ, ಮರದ ಸಾಮಾನು, ಎಲ್ಲವನ್ನೂ ಬರೆದು ಸಹಿ ಹಾಕಬೇಕು. ಹಸಿ ಸೊಪ್ಪು, ಗಿಡ, ಮಣ್ಣು ಒಳಗೆ ಬಿಡುವುದೇ ಇಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಭಾರೀ ದಂಡ. ವೀಸಾ ಕೂಡ ರದ್ದಾಗಬಹುದು. ಅತ್ತೆ ನಂಬಲಿಲ್ಲ. ಆಗ ಮಗಳು ಹಾಲಿವುಡ್ಡಿನಿಂದ ಸಾಕ್ಷಿ ಕರೆಸಿದಳು. 2015ರಲ್ಲಿ ನಟ ಜಾನಿ ಡೆಪ್ ಮತ್ತು ಅವನ ಆಗಿನ ಹೆಂಡತಿ ತಮ್ಮ ಎರಡು ಪುಟ್ಟ ನಾಯಿಗಳನ್ನು ಹೇಳದೆ ಕೇಳದೆ ಖಾಸಗಿ ವಿಮಾನದಲ್ಲಿ ಅಲ್ಲಿಗೆ ಒಯ್ದಿದ್ದರು. ವಾಪಸು ಕಳಿಸಿ, ಇಲ್ಲದಿದ್ದರೆ ನಾಯಿಗಳನ್ನು ಕೊಲ್ಲಿಸಬೇಕಾದೀತು ಎಂದು ಕೃಷಿ ಮಂತ್ರಿಯೇ ಗುಡುಗಿದರು. ಮರುವರ್ಷ ಗಂಡಹೆಂಡತಿ ಕ್ಯಾಮೆರಾದ ಮುಂದೆ ಕೂತು ತಪ್ಪಾಯಿತೆಂದರು. ಆ ವಿಡಿಯೊ ನೋಡಿ ಅತ್ತೆ, ‘ಪಾಪ, ಈ ಹುಡುಗನ ಮುಖ ಎಷ್ಟು ಸೊರಗಿಹೋಯ್ದು’ ಎಂದು ಒಂದೆಲಗವನ್ನು ತಾವೇ ಎತ್ತಿ ಬದಿಗಿಟ್ಟರು.

ಈ ಕಟ್ಟುನಿಟ್ಟು ನನಗೆ ಮಾತ್ರ ಅತಿಯೆನಿಸಲಿಲ್ಲ. 1859ರಲ್ಲಿ ವಿಕ್ಟೋರಿಯಾದ ಜಮೀನುದಾರನೊಬ್ಬ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಇಪ್ಪತ್ನಾಲ್ಕು ಮೊಲ ತರಿಸಿಕೊಂಡು ಬಿಟ್ಟ. ಮುಂದೆ ಅವು ಕೋಟಿ ಕೋಟಿಯಾಗಿ ದೇಶದ ಹುಲ್ಲನ್ನೆಲ್ಲ ಮೇದವು. ಅಡಿಕೆಗೆ ಎಲೆಚುಕ್ಕಿ ರೋಗ ತಗುಲಿ ತೋಟಕ್ಕೆ ತೋಟವೇ ಕೆಂಪಗಾದದ್ದನ್ನು ಕಂಡ ನಮ್ಮಂಥವರಿಗೆ, ಬಾಗಿಲಲ್ಲೇ ತಡೆದು ಚೀಲ ಬಿಚ್ಚಿಸುವವರ ಮೇಲೆ ಗೌರವವೇ ಹುಟ್ಟುತ್ತದೆ. ಮಗಳ ಬೂಟಿನ ಅಡಿಯಲ್ಲಿ ಅಂಟಿದ್ದ ಕೆಮ್ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಾನೇ ತಿಕ್ಕಿ ತೆಗೆದೆ. ಅಲ್ಲಿ ಅದನ್ನೂ ತಿರುಗಿಸಿ ನೋಡುತ್ತಾರಂತೆ. ‘ಇಲ್ಲಿಯ ಮಣ್ಣು ತೊಳಕೊಂಡು ಅಲ್ಲಿಯ ಮಣ್ಣು ಮೆತ್ತಿಕೊಳ್ಳಲಿಕ್ಕೆ ಎಷ್ಟು ಸಡಗರ!’ ಎಂದು ಯಜಮಾನರು ಹಾದುಹೋದರು.

ಅವರ ಸಂಕಟ ಬೇರೆ. ಮಗಳು ಹೊರಟಿದ್ದು ಹೋಬಾರ್ಟ್ ಊರಿನ ಆಚೆ ಹ್ಯೂಆನ್ ಕಣಿವೆಯ ತೋಟಗಳಿಗೆ. ಮೊದಲು ಚೆರ್ರಿ, ಅದು ಮುಗಿದ ಮೇಲೆ ಸೇಬು. ಹೊರಟ ಸಮಯ ಮಾತ್ರ ನಮ್ಮ ಅಡಿಕೆ ಕೊಯ್ಲಿನ ನಟ್ಟನಡುವೆ. ಆಳು ಸಿಗದೆ ನಾವು ಊರೂರು ಫೋನು ತಿರುಗಿಸುತ್ತಿದ್ದೆವು. ಈ ಹುಡುಗಿ ಹೈಸ್ಕೂಲಿನಿಂದ ಈಚೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದದ್ದನ್ನು ಕಂಡವರಿಲ್ಲ. ಸುಲಿಯುವ ಕಾಲಕ್ಕೆ ಸರಿಯಾಗಿ ಅವಳಿಗೊಂದು ಪರೀಕ್ಷೆ ಬರುತ್ತಿತ್ತು. ಪರೀಕ್ಷೆಗಳು ಮುಗಿದ ಮೇಲೆ, ಚೊಗರಿನ ಕಲೆ ಹತ್ತಿದ ಬೆರಳಿನಲ್ಲಿ ಆಫೀಸಿಗೆ ಹೋಗಲಾಗದು ಎಂಬ ಕಾರಣ ಬಂತು. ಈಗ ಬೆಟ್ಟದ ಚಳಿಗಾಳಿಯಲ್ಲಿ ಬೆಳಗಾಗುವ ಮೊದಲೇ ಎದ್ದು ಬಕೆಟ್ ಸೊಂಟಕ್ಕೆ ಕಟ್ಟಿಕೊಳ್ಳುವುದು ಅನುಭವವಂತೆ!

ವೀಸಾದ ಕತೆ ನಮ್ಮ ಕೊನೆಗೌಡನ ಕಿವಿಗೂ ಬಿತ್ತು. ಅವನು ಸೊಂಟದ ಮೇಲೆ ಕೈಯಿಟ್ಟು ಕೂಲಿ ಎಷ್ಟೆಂದು ಕೇಳಿದ. 2025ರ ಜುಲೈಯಿಂದ ಅಲ್ಲಿ ಯಾವ ಕೆಲಸಕ್ಕೂ ತಾಸಿಗೆ ಕನಿಷ್ಠ 24.95 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 1,400 ರೂಪಾಯಿ ಎಂದು ಮಗಳು ಹೇಳಿದಳು. ಯಜಮಾನರು ಅವಳಿಗೆ ಕಣ್ಣುಸನ್ನೆ ಮಾಡುವಷ್ಟರಲ್ಲಿ ತಡವಾಗಿತ್ತು. ‘ಹಂಗಾರೆ ನಂದೂ ಒಂದು ಚೀಟಿ ಹಾಕಿ ಅಮ್ಮಾ’ ಎಂದ ಕೊನೆಗೌಡ. ಅರವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುತ್ತ, ಕೊನೆಯ ಒಂದು ಕಾಯಿಯೂ ಉದುರದಂತೆ ಹಗ್ಗದಲ್ಲಿ ಜಾರಿಸುವ ಆಸಾಮಿ ಅವನು. ಆದರೆ ವಯಸ್ಸು ಮೂವತ್ತು ದಾಟಿದೆ. ಅದು ಹೋಗಲಿ, ಈ ವೀಸಾಕ್ಕೆ ಪಿಯುಸಿ ಆದಮೇಲೆ ಎರಡು ವರ್ಷವಾದರೂ ಕಾಲೇಜು ಓದಿರಬೇಕು, ಇಂಗ್ಲಿಷ್ ಬರುತ್ತದೆಂದು ರುಜುವಾತು ಕೊಡಬೇಕು. ಅಂದರೆ ಮರ ಹತ್ತಬಲ್ಲವನು ಹಣ್ಣು ಕೊಯ್ಯಲು ಅನರ್ಹ. ಸ್ಟೂಲು ಹತ್ತಿದರೆ ತಲೆಸುತ್ತು ಬರುವ ನನ್ನ ಮಗಳು ಬಿ.ಇ. ಮಾಡಿದ್ದರಿಂದ ಅರ್ಹಳು. ಕೊನೆಗೌಡ ಕೇಳಿ ನಕ್ಕು, ‘ಅಲ್ಲಿಯ ಹಣ್ಣು ಇಂಗ್ಲಿಷಲ್ಲೇ ಬೀಳ್ತಾವೇನೋ’ ಎಂದು ಮರ ಹತ್ತಿದ. ಆ ವಾರ ಅವನ ಕೂಲಿ ಹೆಚ್ಚಾಯಿತು.

ಹಾಗೆಂದು ಮಗಳ ಕಾಗದಪತ್ರಗಳನ್ನು ಓದುತ್ತ ಓದುತ್ತ ನನ್ನ ಅಭಿಪ್ರಾಯವೂ ಸ್ವಲ್ಪ ಮೆತ್ತಗಾಯಿತು. ಅಲ್ಲಿ ಬಕೆಟ್ ಲೆಕ್ಕದಲ್ಲಿ ಕೊಯ್ಯುವವರಿಗೂ ತಾಸಿನ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂಬ ನಿಯಮ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಇಂಥ ವೀಸಾದವರ ಮೊದಲ ಡಾಲರಿನಿಂದಲೇ ನೂರಕ್ಕೆ 15 ತೆರಿಗೆ ಹಿಡಿಯುತ್ತಾರೆ. ಒಬ್ಬನೇ ಧಣಿಯ ಹತ್ತಿರ ಸಾಮಾನ್ಯವಾಗಿ ಆರು ತಿಂಗಳ ಮೇಲೆ ನಿಲ್ಲಲಾಗದು. ಹಣ್ಣು ಕೊಯ್ಯುವವರಿಗಾಗಿ ಒಂದು ದೇಶ ಕೂತು ಇಷ್ಟೆಲ್ಲ ಯೋಚಿಸಿದೆ ಎಂದರೆ, ಆ ಕೆಲಸವನ್ನು ಅದು ಕೆಲಸವೆಂದೇ ತಿಳಿದಿದೆ. ನಮ್ಮ ಮಕ್ಕಳಿಗೆ ತೋಟದ ಕೆಲಸ ಬೇಸರ ತಂದದ್ದು ಬೆರಳ ಕಲೆಯಿಂದಲ್ಲ, ‘ಓದದೇ ಇದ್ರೆ ಅಡಿಕೆ ಸುಲೀಬೇಕಾಗ್ತದೆ ನೋಡು’ ಎಂದು ಮನೆಮನೆಯಲ್ಲೂ ಹೇಳಿ ಬೆಳೆಸಿದ್ದರಿಂದ. ಓದಿದರು, ಸುಲಿಯಲಿಲ್ಲ, ಮಕ್ಕಳು ಮಾತು ಕೇಳಿದ್ದಕ್ಕೆ ದೂರಿಕೊಂಡರೆ ಹೇಗೆ?

ಮಗಳು ಬೆಂಗಳೂರಿನಿಂದ ನೇರ ಸಿಡ್ನಿಯ ವಿಮಾನ ಹತ್ತಿ ಹೋದಳು. ಹಪ್ಪಳ, ಕಷಾಯದ ಪುಡಿ ಬರೆದುಕೊಟ್ಟು ಪಾರಾದವು. ಚೆರ್ರಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ತೊಟ್ಟು ಬಿಟ್ಟ ಹಣ್ಣಿಗೆ ಬೆಲೆಯಿಲ್ಲ, ಬೆನ್ನು ಬಿದ್ದುಹೋಗುತ್ತದೆ ಎಂದು ಫೋನಿನಲ್ಲಿ ಹೇಳುತ್ತಾಳೆ. ಯಜಮಾನರು ಈಗ ಅವಳೊಡನೆ ಮಳೆ, ಕೊಳೆ, ಧಾರಣೆ ಎಂದು ತಾಸುಗಟ್ಟಲೆ ಮಾತಾಡುತ್ತಾರೆ. ಸಾಫ್ಟ್‌ವೇರ್ ಕಾಲದಲ್ಲಿ ಇಬ್ಬರ ಮಾತು ‘ಊಟ ಆಯ್ತಾ’ದಿಂದ ಮುಂದಕ್ಕೆ ಹೋದದ್ದಿರಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಗ್ಯಾಪ್ ಇಯರ್ ಬಯಸುವ ಮಕ್ಕಳಿದ್ದು, ಅವರಿಗೆ ಆ ಸಾವಿರದೊಳಗೆ ಚೀಟಿ ಬಾರದಿದ್ದರೆ ಬೇಸರಿಸಬೇಡಿ. ಕೊಯ್ಲಿನ ಕಾಲಕ್ಕೆ ನಮ್ಮಲ್ಲಿಗೆ ಕಳಿಸಿ. ವೀಸಾ ಬೇಡ, ವಯಸ್ಸಿನ ಮಿತಿ ಇಲ್ಲ, ಡಿಗ್ರಿ ಇದ್ದರೂ ಅಡ್ಡಿಯಿಲ್ಲ. ಊಟ, ವಸತಿ ನಮ್ಮದು. ಕೂಲಿಯನ್ನು ಕೊನೆಗೌಡನ ಹತ್ತಿರ ಮಾತಾಡಿಕೊಳ್ಳಬೇಕು. ಡಾಲರ್ ಲೆಕ್ಕ ಈಗ ಅವನಿಗೇ ಚೆನ್ನಾಗಿ ಗೊತ್ತು. ಬರುವಾಗ ಹಳೆಯ ಬಟ್ಟೆಯನ್ನೇ ತರಲಿ. ಚೊಗರಿನ ಕಲೆ ಹೋಗುವುದಿಲ್ಲ.