ಉಪ್ಪು ಲೆಕ್ಕಕ್ಕಿಲ್ಲ

ಡಿಸೆಂಬರ್ ಹತ್ತಿರವಾದಂತೆ ಅಡುಗೆ ಬರೆಯುವವರಿಗೆ ಲೆಕ್ಕದ ಹುಚ್ಚು ಹಿಡಿಯುತ್ತದೆ. ಕ್ರಿಸ್‌ಮಸ್ಸಿಗೆ ಬಂದವರ ಮುಂದಿಡಲು ಐದೇ ಸಾಮಾನಿನ ತಿನಿಸು ಎಂದು ಒಬ್ಬರು ಕೂಗಿದರೆ, ಹೊಸ ವರ್ಷದ ರಾತ್ರಿಗೆ ನಾಲ್ಕೇ ಸಾಕು ಎಂದು ಇನ್ನೊಬ್ಬರು, ಮೂರರಲ್ಲಿ ಮುಗಿಸಿಕೊಡುತ್ತೇನೆ ಎಂದು ಮತ್ತೊಬ್ಬರು. ತಲೆಕೆಳಗಾದ ಹರಾಜು ಇದು. ಇದಕ್ಕೆ ಎರಡು ಗುಟ್ಟಿನ ನಿಯಮಗಳಿವೆ. ಒಂದು, ಉಪ್ಪು, ಎಣ್ಣೆ, ನೀರು ಲೆಕ್ಕಕ್ಕಿಲ್ಲ. ಎರಡು, ಬಾಟಲಿಯಲ್ಲಿ ಬಂದದ್ದು ಒಳಗೆ ಎಂಥ ದೊಡ್ಡ ಸಂಸಾರವನ್ನೇ ಇಟ್ಟುಕೊಂಡಿದ್ದರೂ ಒಂದೇ ತಲೆ. ಮೊಟ್ಟೆ, ಎಣ್ಣೆ, ವಿನೆಗರ್, ಸಾಸಿವೆ, ಸಕ್ಕರೆ ಕೂಡಿ ಆದ ಮೇಯನೇಸ್ ಇವರ ಪಟ್ಟಿಯಲ್ಲಿ ಒಂದು ಸಾಮಾನು. ಆ ಒಂದು ಸಾಮಾನನ್ನು ಹಿಡಿದು ನಿಲ್ಲಿಸಲು ತೆಲಂಗಾಣ ಸರ್ಕಾರ 2024ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಬೇಕಾಯಿತು. ಹಸಿ ಮೊಟ್ಟೆಯ ಮೇಯನೇಸನ್ನು ಒಂದು ವರ್ಷ ಯಾರೂ ಮಾಡಬಾರದು, ಮಾರಬಾರದು ಎಂದಿತು. ಇನ್ನು ಲೆಕ್ಕಕ್ಕೇ ಇಲ್ಲದ ಉಪ್ಪಿಗಾಗಿ 1930ರಲ್ಲಿ ಒಂದು ಸತ್ಯಾಗ್ರಹವೇ ನಡೆದಿದೆ ಎಂಬುದನ್ನು ಇವರಿಗೆ ಯಾರಾದರೂ ನೆನಪಿಸಬೇಕು.

ನನ್ನ ವಾದ ಇಷ್ಟೇ. ಸಾಮಾನು ಕಡಿಮೆಯಾದ ಮಾತ್ರಕ್ಕೆ ಕೆಲಸ ಕಡಿಮೆಯಾಗುವುದಿಲ್ಲ, ಅದು ಮನೆ ಬದಲಿಸುತ್ತದೆ. ನಮ್ಮ ಒಲೆಯ ಮುಂದಿಂದ ಎದ್ದು ಕಾರ್ಖಾನೆಗೆ ಹೋಗುತ್ತದೆ, ಇಲ್ಲವೇ ಹೊಲಕ್ಕೆ ಹೋಗುತ್ತದೆ, ಇಲ್ಲವೇ ತಿನ್ನಲು ಬಂದವರ ಕೈಗೆ ಹೋಗುತ್ತದೆ. ಮೊದಲನೆಯ ದಾರಿ ಎಲ್ಲರಿಗೂ ಗೊತ್ತು. ಉಳಿದೆರಡನ್ನು ನೋಡಬೇಕಾದರೆ ಚಳಿಗಾಲದಲ್ಲಿ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕಡೆ ಬರಬೇಕು. 1956ರವರೆಗೆ ಹೈದರಾಬಾದ್ ರಾಜ್ಯದೊಳಗೆ ಮೊದಲೆರಡು ಬೀದರ್ ಜಿಲ್ಲೆಯ ತಾಲೂಕುಗಳು, ಮೂರನೆಯದು ಗುಲ್ಬರ್ಗ ಜಿಲ್ಲೆಯದು. ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ಆಂಧ್ರದ ಪಾಲಾದವು, 2014ರಲ್ಲಿ ತೆಲಂಗಾಣದವಾದವು, 2016ರಲ್ಲಿ ಮತ್ತೆ ಜಿಲ್ಲೆ ಬದಲಾಗಿ ಸಂಗಾರೆಡ್ಡಿಗೂ ವಿಕಾರಾಬಾದಿಗೂ ಸೇರಿದವು. ಇಷ್ಟು ಸಲ ವಿಳಾಸ ಬದಲಾದರೂ ಮನೆಗಳಲ್ಲಿ ಜೋಳದ ರೊಟ್ಟಿ ಜೋಳದ ರೊಟ್ಟಿಯಾಗಿಯೇ ಉಳಿಯಿತು. ಮೇಲಾಗಿ ರಜೆಯ ಕಾಲ ಎಂಬುದು ಇಲ್ಲಿಗೆ ಹೊರಗಿನಿಂದ ತಂದದ್ದಲ್ಲ. 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾದ ಮೆದಕಿನ ದೊಡ್ಡ ಚರ್ಚು ಹತ್ತಿರದಲ್ಲೇ ಇದೆ. ಕ್ರಿಸ್‌ಮಸ್ ಇಲ್ಲಿನ ಹಳ್ಳಿಗಳ ಸ್ವಂತ ಹಬ್ಬ. ಅದರ ಹಿಂದೆಮುಂದೆ ಹೊಲದಲ್ಲೇ ಉಣ್ಣುವ ಎಳ್ಳು ಅಮಾವಾಸ್ಯೆ, ಅಂದರೆ ಎಳ್ಳಮಾಸಿ, ಅದಾದ ಮೇಲೆ ಸಂಕ್ರಾಂತಿ. 2024ರಲ್ಲಂತೂ ಎಳ್ಳಮಾಸಿ ಡಿಸೆಂಬರ್ 30ಕ್ಕೆ ಬಿದ್ದು, ಹೊಲದ ಊಟ ಅರಗುವ ಮೊದಲೇ ಹೊಸ ವರ್ಷದ ಕೇಕು ಎದುರಾಯಿತು.

ಈ ಹೊತ್ತಿನಲ್ಲಿ ತಾಂಡೂರಿನ ಹೊಲದಲ್ಲಿ ಇರುವುದು ತೊಗರಿ. ಒಣಗಿ ಬೇಳೆಯಾದ ಮೇಲೆ ಅದಕ್ಕೆ ಸಿಗುವ ಕೀರ್ತಿ ದೊಡ್ಡದು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಯ ಮುದ್ರೆ ಬಿತ್ತು; ಕಲಬುರಗಿಯ ತೊಗರಿಗೆ 2019ರಲ್ಲೇ ಬಿದ್ದಿತ್ತು. ಒಂದೇ ತವರಿನ ಅಕ್ಕತಂಗಿಯರಿಗೆ ಎರಡು ರಾಜ್ಯಗಳ ಹೆಸರಿನಲ್ಲಿ ಬೇರೆ ಬೇರೆ ಪ್ರಮಾಣಪತ್ರ ಸಿಕ್ಕವು. ಆದರೆ ಮುದ್ರೆಯ ಹಂಗಿಲ್ಲದ ಒಂದು ಕಾಲ ತೊಗರಿಗೂ ಇದೆ: ಕಾಯಿ ಹಸಿರಾಗಿದ್ದು ಕಾಳು ಬಲಿತಿರುವ ಕೆಲವೇ ವಾರಗಳು. ಆಗ ಕಾಯಿಯನ್ನು ಹಾಗೆಯೇ ಪಾತ್ರೆಗೆ ಸುರಿದು, ಉಪ್ಪು ಹಾಕಿ ಕುದಿಸಿ, ನೀರು ಬಸಿದು ಬುಟ್ಟಿಯಲ್ಲಿ ಮುಂದಿಟ್ಟರೆ ಮುಗಿಯಿತು. ಅಡುಗೆ ಬರೆಯುವವರ ನಿಯಮದ ಪ್ರಕಾರ ಒಂದು ಸಾಮಾನು, ಸತ್ಯಾಗ್ರಹದ ನಿಯಮದ ಪ್ರಕಾರ ಎರಡು. ಇದರ ನಿಜವಾದ ಜಾಣತನ ರುಚಿಯಲ್ಲಿಲ್ಲ, ರುಚಿ ಚೆನ್ನಾಗಿಯೇ ಇರುತ್ತದೆ ಬಿಡಿ. ಜಾಣತನ ಇರುವುದು ಸಿಪ್ಪೆಯಲ್ಲಿ. ಊಟಕ್ಕೆ ಮೊದಲು ತಿನಿಸು ಇಡುವುದೇಕೆ? ಹೊಟ್ಟೆ ತುಂಬಿಸಲಂತೂ ಅಲ್ಲ. ಹಾಗಾದರೆ ಒಳಗೆ ಬೇಯುತ್ತಿರುವ ಅನ್ನಕ್ಕೆ ಅವಮಾನ. ಬಂದವರ ಕೈ ಬಾಯಿ ಎರಡಕ್ಕೂ ಕೆಲಸ ಕೊಟ್ಟು, ಅಡುಗೆಯವರಿಗೆ ಅರ್ಧ ಗಂಟೆ ಗಳಿಸಿಕೊಡಲು. ಬಾಯಿಗೆ ಹಾಕಿದ ಕೂಡಲೇ ಕರಗುವ ದುಬಾರಿ ತಿನಿಸು ಈ ಕೆಲಸದಲ್ಲಿ ಪೂರ್ತಿ ಸೋಲುತ್ತದೆ. ಕರಗಿದ ಮರುಕ್ಷಣ ಅತಿಥಿ ರಾಜಕೀಯ ಶುರುಮಾಡುತ್ತಾನೆ. ತೊಗರಿಕಾಯಿ ಹಾಗಲ್ಲ. ಒಂದು ಕಾಯಿ ಬಿಡಿಸಿದರೆ ನಾಲ್ಕೈದು ಕಾಳು, ಅದನ್ನು ನುಂಗುವಷ್ಟರಲ್ಲಿ ಕೈ ಮುಂದಿನ ಕಾಯಿ ಹುಡುಕುತ್ತಿರುತ್ತದೆ. ಆಸ್ತಿ ಜಗಳದಲ್ಲಿ ಮಾತು ಬಿಟ್ಟ ದಾಯಾದಿಗಳೂ ಒಂದೇ ಬುಟ್ಟಿಯ ಸುತ್ತ ಮುಕ್ಕಾಲು ಗಂಟೆ ಕೂತಿರಬಲ್ಲರು.

ಅಂದರೆ ಸಾಮಾನು ಕಡಿಮೆಯಿದ್ದರೆ ಸುಲಭ ಎಂದೇ ಆಯಿತಲ್ಲ ಎಂದು ಕೇಳಬಹುದು. ಅದಕ್ಕೆ ಸೀತನಿಯೇ, ಅಂದರೆ ಸುಟ್ಟ ಹಸಿ ಜೋಳವೇ ಉತ್ತರ. ಹಿಂಗಾರಿ ಜೋಳದ ತೆನೆಯಲ್ಲಿ ಕಾಳು ಹಾಲು ದಾಟಿ, ಇನ್ನೂ ಗಟ್ಟಿಯಾಗದೆ ಮೆತ್ತಗಿರುವ ದಿನಗಳು ತೀರ ಕಡಿಮೆ. ಕಾಳಿನೊಳಗಿನ ಸಕ್ಕರೆ ದಿನದಿನಕ್ಕೆ ಹಿಟ್ಟಾಗುತ್ತ ಹೋಗುತ್ತದೆ. ತಡಮಾಡಿದರೆ ಸಿಹಿ ಹೋಯಿತು, ಅವಸರಪಟ್ಟರೆ ಬರೀ ನೀರು. ಆ ನಡುವಿನ ತೆನೆಯನ್ನು ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಕೇರಿ ಕೊಡಬೇಕು. ಒಂದೇ ಒಂದು ಸಾಮಾನು, ಉಪ್ಪೂ ಬೇಡ. ಆದರೆ ಒಬ್ಬರು ಕೆಂಡ ಕಾಯಬೇಕು, ಒಬ್ಬರು ತಿಕ್ಕಬೇಕು, ಅಂಗೈ ಸುಟ್ಟುಕೊಂಡರೂ ಸುಟ್ಟಿಲ್ಲ ಎನ್ನಬೇಕು. ನಾಗಪಂಚಮಿಯ ಜೋಳದ ಅಳ್ಳಿನ ಕಥೆಯೂ ಇದೇ. ಅಳ್ಳಿಗೆ ಬರುವ ಜೋಳವನ್ನೇ ಆರಿಸಿ, ಬಿಸಿನೀರು ಕಾಣಿಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟು, ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಬೇಕು. ಕಾಳಿನೊಳಗಿನ ತೇವ ಉಗಿಯಾಗಿ ಒತ್ತಿದಾಗ ಸಿಪ್ಪೆ ಗಟ್ಟಿಯಾಗಿದ್ದರೆ ಸಿಡಿದು ಅರಳುತ್ತದೆ. ಎಲ್ಲೋ ಒಂದು ಸೀಳಿದ್ದರೆ ಉಗಿ ಜಾರಿಹೋಗಿ ಕಾಳು ಕಾಳಾಗಿಯೇ ಕೂರುತ್ತದೆ. ಹತ್ತು ಸಾಮಾನಿನ ಪಲ್ಯದಲ್ಲಿ ಒಂದು ಕೆಟ್ಟರೆ ಒಂಬತ್ತು ಸೇರಿ ಮುಚ್ಚಿಹಾಕುತ್ತವೆ. ಒಂದೇ ಸಾಮಾನಿನ ತಿನಿಸಿಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ.

ಇನ್ನು ಮರ್ಯಾದೆಯ ಪ್ರಶ್ನೆ. ಬಂದವರ ಮುಂದೆ ಬೇಯಿಸಿದ ಕಾಯಿ ಇಟ್ಟರೆ ಮನೆತನದ ಮಾನ ಏನಾಗಬೇಕು, ಎಂಬ ಆಕ್ಷೇಪ ಬಲವಾದದ್ದೇ. ಜಹೀರಾಬಾದಿನ ಫಂಕ್ಷನ್ ಹಾಲುಗಳು ಹೈದರಾಬಾದಿನ ಕಡೆ ಮುಖ ಮಾಡಿ ನಿಂತಿವೆ. ಅಲ್ಲಿ ಸ್ಟಾರ್ಟರ್ ಎಂದರೆ ಕೆಂಪಗಿರಬೇಕು, ಮಿನುಗಬೇಕು, ಕಡ್ಡಿ ಚುಚ್ಚಿರಬೇಕು. ಈ ಕೆಂಪಿನ ಗೌರವವನ್ನು ನಾನು ತೆಗೆದುಹಾಕುವುದಿಲ್ಲ. ಆದರೆ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ನಿಷೇಧಿಸಿದ ಮೇಲೆ ಆ ಗೌರವದಲ್ಲಿ ಎಷ್ಟು ಪಾಲು ಹೂಕೋಸಿನದು, ಎಷ್ಟು ಪಾಲು ಡಬ್ಬಿಯದು ಎಂಬುದು ಬಯಲಾಗಿದೆ. ಮಾನ ಎಂಬುದು ಅಪರೂಪಕ್ಕೆ ಅಂಟಿಕೊಂಡ ಗುಣ ಎನ್ನುವುದಾದರೆ ಲೆಕ್ಕ ಇನ್ನೊಂದು ಕಡೆ ತಿರುಗುತ್ತದೆ: ಮಂಚೂರಿ ವರ್ಷದ ಮುನ್ನೂರರವತ್ತೈದು ದಿನವೂ ಸಿಗುತ್ತದೆ, ಸೀತನಿ ಸಿಗುವುದಿಲ್ಲ. ಯಾವುದನ್ನು ಬೆಳ್ಳಿತಟ್ಟೆಯಲ್ಲಿ ಇಡಬೇಕು?

ಇದಕ್ಕಿಂತ ಚೂಪಾದ ಆಕ್ಷೇಪ ಇನ್ನೊಂದಿದೆ. ತಟ್ಟೆಯ ಮೂಲೆಯಲ್ಲಿ ಕೂರುವ ಶೇಂಗಾ ಹಿಂಡಿಯನ್ನು ನೀವು ಒಂದೇ ಎಂದು ಎಣಿಸುತ್ತೀರಲ್ಲ, ಅದರಲ್ಲಿ ಶೇಂಗಾ, ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಇಲ್ಲವೇ? ಮೇಯನೇಸಿಗೆ ಒಂದು ನ್ಯಾಯ, ಹಿಂಡಿಗೆ ಒಂದು ನ್ಯಾಯವೇ? ಒಪ್ಪಿದೆ, ಹಿಂಡಿ ಐದು. ಕಣ್ಣು ಮುಚ್ಚಿ ಹೆಸರಿಸಬಹುದಾದ ಐದು; ಕನ್ನಡಕ ಹಾಕಿಕೊಂಡು ಪೊಟ್ಟಣದ ಬೆನ್ನು ಓದಬೇಕಾದವಲ್ಲ ಎಂಬಷ್ಟು ರಿಯಾಯಿತಿ ಮಾತ್ರ ಕೇಳುತ್ತೇನೆ. ಆದರೆ ಎದುರುಪಕ್ಷ ಅಲ್ಲಿಗೆ ನಿಲ್ಲಬೇಕಾಗಿಲ್ಲ, ಅವರ ಕೈಯಲ್ಲಿ ಎಳ್ಳಮಾಸಿಯ ಭಜ್ಜಿಯೂ ಇದೆ. ಬೀದರ್, ಕಲಬುರಗಿ ಸೀಮೆಯಲ್ಲಿ, ಗಡಿಯಾಚೆಯ ಈ ಹೊಲಗಳಲ್ಲೂ, ಅಂದು ಬೇಯುವ ಭಜ್ಜಿಗೆ ಸೊಪ್ಪು, ಹಸಿ ತೊಗರಿ, ಅವರೆ, ಹಸಿ ಕಡಲೆ, ಗಜ್ಜರಿ, ಬದನೆ, ಹುಣಸೆಹುಳಿ, ಕಡಲೆಹಿಟ್ಟು ಎಲ್ಲ ಬೀಳುತ್ತವೆ. ಬಿಟ್ಟದ್ದು ಯಾವುದು ಎಂದು ಕೇಳುವುದೇ ಸುಲಭ. ಸಜ್ಜೆಯ ಕಡುಬು, ಜೋಳದ ಅಂಬಲಿಯ ಜೊತೆ ಅದನ್ನು ಹೊಲದಲ್ಲೇ ಉಣ್ಣಬೇಕು, ಉಣ್ಣುವ ಮೊದಲು ಭೂಮಿಗೆ ಚರಗ ಚೆಲ್ಲಬೇಕು. ಕಡಿಮೆಯೇ ಹಿರಿಮೆ ಎನ್ನುವವರ ಬಾಯಿ ಈ ಗಡಿಗೆಯ ಮುಂದೆ ಕಟ್ಟಬೇಕು. ನನ್ನ ಬಾಯಿ ಕಟ್ಟುವುದಿಲ್ಲ, ಏಕೆಂದರೆ ಭಜ್ಜಿ ನನ್ನ ಪಕ್ಷದ ಸಾಕ್ಷಿ. ಆ ಗಡಿಗೆಗೆ ಬಿದ್ದದ್ದೆಲ್ಲ ಹೊಲದಲ್ಲಿ ಇದ್ದದ್ದರಿಂದಲೇ ಉಳಿದ ದಿನ ಒಂದೊಂದನ್ನೇ ಒಂಟಿಯಾಗಿ ತಿನ್ನುವ ಐಶ್ವರ್ಯ ಇಲ್ಲಿದೆ. ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಇದನ್ನು ಹೊಲದಲ್ಲೇ ತೋರಿಸಿವೆ. ಬಹುಪಾಲು ದಲಿತ ಹೆಂಗಸರ ಈ ಸಂಘಗಳು ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ, ಅಲಸಂದಿ ಎಂದು ಒಂದೇ ಹೊಲದಲ್ಲಿ ಹತ್ತು ಹನ್ನೆರಡು, ಕೆಲವೊಮ್ಮೆ ಇಪ್ಪತ್ತು ಬೆಳೆ ಬೆಳೆದು, ಬೀಜವನ್ನು ತಾವೇ ಕಾಪಿಟ್ಟುಕೊಂಡು, ಸಂಕ್ರಾಂತಿಯಿಂದ ಊರೂರಿಗೆ ಎತ್ತಿನ ಬಂಡಿಯಲ್ಲಿ ಆ ಬೀಜಗಳ ಜಾತ್ರೆ ಮಾಡುತ್ತವೆ. ದೂರದರ್ಶನದ ಕೆಲಸ ಬಿಟ್ಟು ಬಂದು ಈ ಸೊಸೈಟಿಯನ್ನು ಕಟ್ಟಿದವರಲ್ಲಿ ಮುಖ್ಯರು ಮೈಸೂರಿನ ಪಿ.ವಿ. ಸತೀಶ್, ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ 2023ರ ಮಾರ್ಚಿನಲ್ಲೇ ಅವರು ತೀರಿಕೊಂಡರು. ಇಲ್ಲಿಂದ ಒಂದು ತಲೆಕೆಳಗಿನ ಸೂತ್ರ ಹೊರಡುತ್ತದೆ: ಹೊಲದಲ್ಲಿ ಇಪ್ಪತ್ತು ಬೆಳೆ ಇದ್ದರೆ ತಟ್ಟೆಯಲ್ಲಿ ಒಂದು ಸಾಕು, ಹೊಲದಲ್ಲಿ ಕಬ್ಬೊಂದೇ ನಿಂತರೆ ತಟ್ಟೆಗೆ ಇಪ್ಪತ್ತು ಪೊಟ್ಟಣ ಬೇಕಾಗುತ್ತದೆ. ಮೂರು ಸಾಮಾನಿನ ತಿನಿಸು ಹೇಳಿಕೊಡುವವರು ಹೊಲದಲ್ಲಿ ಎಷ್ಟು ಎಂದು ಎಂದೂ ಬರೆಯುವುದಿಲ್ಲ. ಅದೂ ಉಪ್ಪಿನ ಖಾತೆಗೇ ಹೋಯಿತು.

ಹೊಲವೇ ಇಲ್ಲದವರು ಏನು ಮಾಡಬೇಕು? ಹೈದರಾಬಾದಿನ ಹತ್ತನೇ ಮಹಡಿಯಲ್ಲಿ ಕುಳ್ಳಿನ ಕೆಂಡ ಹಾಕಿದರೆ ಸೀತನಿಗಿಂತ ಮೊದಲು ಅಗ್ನಿಶಾಮಕದವರು ಬರುತ್ತಾರೆ ಎಂಬುದು ನಿಜ. ಸೀತನಿಯ ಆಸೆ ಅವರು ಬಿಡಲಿ. ಆದರೆ ಹಸಿ ತೊಗರಿಕಾಯಿ ಚಳಿಗಾಲದಲ್ಲಿ ನಗರದ ಬಂಡಿಗಳಿಗೂ ಬರುತ್ತದೆ, ಕುಕ್ಕರಿಗೂ ಒಗ್ಗುತ್ತದೆ. ಕಡಲೆ ನೆನೆಸಿ ಬೇಯಿಸಿ ಉಪ್ಪು ಹಾಕಿದರೆ ಕನ್ನಡದ ಮನೆಯಲ್ಲಿ ಗುಗ್ಗರಿ, ಪಕ್ಕದ ತೆಲುಗು ಮನೆಯಲ್ಲಿ ಗುಡಾಲು. ಸೇಂದಿಯ ಜೊತೆಗೂ ನಡೆಯುತ್ತದೆ, ಭಜನೆಯ ಜೊತೆಗೂ ನಡೆಯುತ್ತದೆ. ಮೇ ತಿಂಗಳಲ್ಲಿ ಪಾರ್ಟಿ ಇಟ್ಟುಕೊಂಡವರಿಗೆ ಮಾತ್ರ ನನ್ನಲ್ಲಿ ಒಂದೇ ಸಾಮಾನಿನ ಔಷಧವಿಲ್ಲ. ಅವರು ಕಲಬುರಗಿಯವರಂತೆ ಚುರುಮುರಿ ತೊಯ್ಸಿ ಸುಸಲಾ ಮಾಡಲಿ: ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ, ಪುಟಾಣಿ ಹಿಟ್ಟು, ಸಾಸಿವೆ, ಅರಿಶಿನ, ಕರಿಬೇವು, ಕೊತಂಬರಿ, ನಿಂಬೆಹುಳಿ. ಎಣ್ಣೆ ಉಪ್ಪು ಸೇರಿ ಹನ್ನೆರಡು ಆಗುತ್ತದೆ, ಹನ್ನೆರಡು ಎಂದೇ ಹೇಳಲಿ. ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ ಇದ್ದರೆ ಯಾರೂ ಎಣಿಸಲು ಕೂರುವುದಿಲ್ಲ. ಚಳಿಗಾಲದ ತೊಗರಿಕಾಯಿಯನ್ನೇ ಆರಿಸಿಕೊಂಡವರು ಪಕ್ಕದಲ್ಲಿ ಇನ್ನೊಂದು ಖಾಲಿ ಬುಟ್ಟಿ ಇಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಸೋಫಾದ ಸಂದಿಯಿಂದ ಯುಗಾದಿಯವರೆಗೂ ಸಿಪ್ಪೆ ಹೊರಬರುತ್ತಿರುತ್ತದೆ, ಹೊಸ ವರ್ಷಕ್ಕೆ ಯಾರು ಯಾರು ಬಂದಿದ್ದರು, ಎಲ್ಲೆಲ್ಲಿ ಕೂತಿದ್ದರು ಎಂಬುದಕ್ಕೆ ಪುರಾವೆಯಾಗಿ.