ಸ್ಟಾರ್ಟ್ ಇಲ್ಲದ ರಿಮೋಟು

ನಮ್ಮ ಮನೆಗೆ ವಿಡಿಯೋ ಗೇಮ್ ಬಂದದ್ದು 1997ರ ಬೇಸಿಗೆ ರಜೆಯಲ್ಲಿ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದವರು, ಮೆಜೆಸ್ಟಿಕ್ ಹತ್ತಿರ ಗಂಟೆಗಟ್ಟಲೆ ಚೌಕಾಸಿ ಮಾಡಿ ತಂದಿದ್ದರು. "ಇಬ್ಬರೂ ಹೊಂದ್ಕೊಂಡು ಆಡ್ಕೊಳ್ಳಿ" ಎಂದು ಡಬ್ಬ ಕೊಟ್ಟರು. ಜಮೀನು ಪಾಲು ಮಾಡಿಕೊಡುವ ಹಿರಿಯರು ಹೇಳುವುದೂ ಇದೇ ಮಾತು. ಆಮೇಲೆ ಏನಾಗುತ್ತದೆ ಅನ್ನುವುದು ಯಾವ ತಾಲ್ಲೂಕು ಕೋರ್ಟಿನ ಮುಂದೆ ನಿಂತರೂ ಕಾಣುತ್ತದೆ.

ಕ್ಯಾಸೆಟ್ಟಿನ ಮೇಲೆ 9999 ಆಟಗಳು ಅಂತ ಬರೆದಿತ್ತು. ಅಣ್ಣ ಎರಡು ದಿನ ಕೂತು ಎಣಿಸಿ, ನಿಜವಾಗಿ ಇರುವುದು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಅವೇ ಆಟಗಳು ಬೇರೆ ಹೆಸರಿನಲ್ಲಿ ಎಂದು ಪತ್ತೆ ಹಚ್ಚಿದ. ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. ಮಂಡಿಯಲ್ಲಿ ಮೂಟೆಯ ಬಾಯಲ್ಲಿ ಕಾಣುವ ಕೊಬ್ಬರಿಯೇ ಬೇರೆ, ತಳದಲ್ಲಿರುವುದೇ ಬೇರೆ.

ರಿಮೋಟು ಎರಡಿದ್ದವು. ಎರಡೂ ಒಂದೇ ಥರ ಅಂದುಕೊಂಡು ನಾನು ಖುಷಿಪಟ್ಟದ್ದು ಮೊದಲ ಐದು ನಿಮಿಷ ಮಾತ್ರ. ಅಣ್ಣ ಎತ್ತಿಕೊಂಡ ರಿಮೋಟಿನ ನಡುವೆ ಸ್ಟಾರ್ಟ್, ಸೆಲೆಕ್ಟ್ ಎಂಬ ಎರಡು ಬಟನ್ನುಗಳಿದ್ದವು. ನನ್ನದರಲ್ಲಿ ಆ ಜಾಗ ಬೋಳಾಗಿತ್ತು. ಆಟ ಆರಿಸುವವನು ಅಣ್ಣ, ಶುರು ಮಾಡುವವನು ಅಣ್ಣ, ನಡುವೆ ನಿಲ್ಲಿಸುವವನೂ ಅಣ್ಣ. ಗುಂಡು ಹೊಡೆಯುವ ಹಕ್ಕು ಮಾತ್ರ ಇಬ್ಬರಿಗೂ ಸಮಾನ. ಇದು ನಮ್ಮಪ್ಪನ ಚೌಕಾಸಿಯ ಫಲ ಎಂದೇ ಬಹಳ ಕಾಲ ನಂಬಿದ್ದೆ. ಮೂಲ ಜಪಾನಿನಲ್ಲಿದೆ ಎಂದು ಗೊತ್ತಾದದ್ದು ದೊಡ್ಡವಳಾದ ಮೇಲೆ. ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಅನ್ನುವ ಯಂತ್ರ ಹೊರತಂದಾಗಲೇ ಎರಡನೇ ರಿಮೋಟಿಗೆ ಸ್ಟಾರ್ಟ್ ಕೊಟ್ಟಿರಲಿಲ್ಲ. ಅದರ ಬದಲು ಒಂದು ಪುಟ್ಟ ಮೈಕ್ ಕೂರಿಸಿದ್ದರು. ಅಧಿಕಾರ ಇಲ್ಲದಿದ್ದರೂ ಜಪಾನಿನ ತಂಗಿಯರಿಗೆ ಕೂಗಿಕೊಳ್ಳುವ ಸೌಲಭ್ಯವಾದರೂ ಇತ್ತು. ನಮ್ಮದು ಅದರ ನಕಲು. ಕೊರತೆಯನ್ನು ಶ್ರದ್ಧೆಯಿಂದ ನಕಲು ಮಾಡಿ, ಮೈಕು ಕೈಬಿಟ್ಟಿದ್ದರು. ಕೂಗಾಟಕ್ಕೆ ನಾನು ನನ್ನ ಸ್ವಂತ ಗಂಟಲನ್ನೇ ಬಳಸಬೇಕಾಯಿತು.

ನಮ್ಮ ಆಟ ಟ್ಯಾಂಕು. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ, ಮಾಡಿದ್ದು ನ್ಯಾಮ್ಕೊ ಕಂಪನಿ, 1985ರಲ್ಲಿ. ಇಟ್ಟಿಗೆ ಗೋಡೆಗಳ ಊರು. ಕೆಳಗೆ ನಡುವೆ ಗೂಡಿನಂಥ ಗೋಡೆಯೊಳಗೆ ಒಂದು ಹದ್ದು. ಅದರ ಎಡಗಡೆ ಅಣ್ಣನ ಹಳದಿ ಟ್ಯಾಂಕು, ಬಲಗಡೆ ನನ್ನ ಹಸಿರು ಟ್ಯಾಂಕು. ಮೇಲಿಂದ ಒಂದೊಂದಾಗಿ ಇಪ್ಪತ್ತು ಶತ್ರು ಟ್ಯಾಂಕುಗಳು ಬರುತ್ತವೆ. ಅವನ್ನೆಲ್ಲ ಉಡಾಯಿಸಿದರೆ ಮುಂದಿನ ಊರು, ಹದ್ದು ಸತ್ತರೆ ಇಬ್ಬರ ಕಥೆಯೂ ಮುಗಿಯಿತು. ಅಡುಗೆಮನೆಯಿಂದ ಇಣುಕಿದ ಅಮ್ಮ, "ಗರುಡನ್ನ ಕಾಯೋ ಆಟಾನಾ? ಒಳ್ಳೇದಾಯ್ತು ಬಿಡಿ" ಎಂದು ಒಪ್ಪಿಗೆ ಕೊಟ್ಟರು. ಅಂದಿನಿಂದ ಅದು ಗರುಡನೇ.

ಮೇಲ್ನೋಟಕ್ಕೆ ಇಬ್ಬರೂ ಒಂದೇ ಪಕ್ಷ. ಆದರೆ ಆಟ ಮಾಡಿದ ಪುಣ್ಯಾತ್ಮನಿಗೆ ಒಡಹುಟ್ಟಿದವರ ವಿಷಯ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ನನ್ನ ಗುಂಡು ಅಣ್ಣನ ಟ್ಯಾಂಕಿಗೆ ತಗುಲಿದರೆ ಅದು ಸಾಯುವುದಿಲ್ಲ, ಮಿಣುಕುತ್ತಾ ಕೆಲಹೊತ್ತು ನಿಂತಲ್ಲೇ ಮರಗಟ್ಟುತ್ತದೆ. ಕೊಲ್ಲುವಂತಿಲ್ಲ, ಆದರೆ ಕಾಟ ಕೊಡಬಹುದು! ಒಂದೇ ಮನೆಯಲ್ಲಿ ಬೆಳೆಯುವುದಕ್ಕೆ ಇಷ್ಟು ಖಚಿತವಾದ ಕಾನೂನನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಳ್ಳೆಯ ಬೇಟೆ ಎದುರಿಗೆ ಬಂದಾಗಲೆಲ್ಲ ಅಣ್ಣನ ಒಂದು ಗುಂಡು ನನ್ನ ಬೆನ್ನಿಗೆ ಬೀಳುತ್ತಿತ್ತು. "ತಪ್ಪಿ ಬಿತ್ತು ಕಣೇ" ಅನ್ನುತ್ತಿದ್ದ. ನಾನು ಮಿಣುಕುತ್ತಾ ನಿಂತಿರುವಾಗ ಅವನು ಆರಾಮವಾಗಿ ಬೇಟೆ ಮುಗಿಸುತ್ತಿದ್ದ. ಆಗ ನನಗೆ ಉಳಿಯುತ್ತಿದ್ದ ಅಸ್ತ್ರ ಮೊಣಕೈ. ವೈರು ಗಿಡ್ಡ, ಚಾಪೆ ಒಂದೇ, ಶತ್ರುವಿನ ಭುಜ ನನ್ನ ಭುಜಕ್ಕೆ ತಾಗಿಕೊಂಡೇ ಇತ್ತು.

ಒಂದೊಂದು ಊರು ಮುಗಿದಾಗಲೂ ಲೆಕ್ಕದ ಪಟ್ಟಿ ಬರುತ್ತಿತ್ತು. ಶತ್ರು ಟ್ಯಾಂಕುಗಳಲ್ಲಿ ನಾಲ್ಕು ಜಾತಿ, ಒಂದೊಂದಕ್ಕೆ 100, 200, 300, 400 ಅಂಕ. ಯಾರು ಯಾವ ಜಾತಿಯವು ಎಷ್ಟು ಹೊಡೆದರು ಎಂದು ಎಡಕ್ಕೂ ಬಲಕ್ಕೂ ಟಕಟಕ ಎಣಿಸಿ, ಹೆಚ್ಚು ಹೊಡೆದವರಿಗೆ 1000 ಅಂಕದ ಇನಾಮು. ಒಗ್ಗಟ್ಟಾಗಿ ಊರು ಉಳಿಸಿದವರನ್ನು ಮರುಕ್ಷಣವೇ ಎತ್ತಿಕಟ್ಟುವ ಕೆಲಸ ಇದು. ಅಪ್ಪನಿಗೆ ಇಡೀ ಆಟದಲ್ಲಿ ಇಷ್ಟವಾದದ್ದು ಈ ಪಟ್ಟಿಯೊಂದೇ. ಎಣಿಕೆಯ ಸದ್ದು ಕೇಳಿದ ಕೂಡಲೇ ಪೇಪರು ಕೆಳಗಿಟ್ಟು ಕನ್ನಡಕ ಏರಿಸುತ್ತಿದ್ದರು.

"ಹನ್ನೊಂದು, ಆರು. ಒಟ್ಟು ಹದಿನೇಳಾಯ್ತು. ಇನ್ನು ಮೂರೆಲ್ಲಿ?"

"ಬಾಂಬು ಸಿಕ್ತಪ್ಪಾ. ಬಾಂಬಲ್ಲಿ ಸತ್ತಿದ್ದನ್ನ ಲೆಕ್ಕಕ್ಕೆ ಹಿಡಿಯಲ್ಲ" ಎಂದು ಅಣ್ಣ ವಿವರಿಸುತ್ತಿದ್ದ. ಬಾಂಬಿನ ಚಿತ್ರ ಮುಟ್ಟಿದರೆ ಪರದೆಯ ಮೇಲಿರುವ ಶತ್ರುಗಳೆಲ್ಲ ಒಟ್ಟಿಗೇ ಸಾಯುತ್ತವೆ, ಆದರೆ ಯಾರ ಖಾತೆಗೂ ಜಮಾ ಆಗುವುದಿಲ್ಲ.

"ಮೂರು ನಗ ಮಾಯ ಅಂದ್ರೆ ಆಯ್ತೇನೋ? ನಮ್ಮ ಸಾಹುಕಾರ್ರು ಕೇಳಿದ್ರೆ ಕೆಲಸದಿಂದ ತೆಗೀತಾರೆ" ಎಂದು ಅಪ್ಪ ಪೇಪರು ಎತ್ತಿಕೊಳ್ಳುತ್ತಿದ್ದರು. ನನ್ನ ಬೆನ್ನಿಗೆ ಬಿದ್ದ ಗುಂಡುಗಳಿಗೆ ಮಾತ್ರ ಯಾವ ಪಟ್ಟಿಯಲ್ಲೂ ಕಲಮು ಇರಲಿಲ್ಲ.

ಅಸಲಿ ತೊಂದರೆ ಹಾಲಿನದು. ಸಂಜೆ ಐದೂವರೆಗೆ ಸರಿಯಾಗಿ ಅಮ್ಮ ಕೂಗುತ್ತಿದ್ದರು, "ಲೇ, ಹಾಲು ತಗೊಂಬಾರೇ." ಕೂಗುತ್ತಿದ್ದದ್ದು ನನ್ನನ್ನೇ, ಅಣ್ಣನನ್ನಲ್ಲ. ಆ ವಿಷಯ ಬೇರೆ ಲೇಖನಕ್ಕೆ ಇರಲಿ. "ಒಂಚೂರು ನಿಲ್ಸೋ" ಅಂದರೆ ಅವನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ನಾನು ತಂಬಿಗೆ ಹಿಡಿದು ಹೋಗಿ ಬರುವಷ್ಟರಲ್ಲಿ ಅನಾಥವಾಗಿ ನಿಂತ ನನ್ನ ಟ್ಯಾಂಕನ್ನು ಅವನು ಗೋಡೆಯ ಹಾಗೆ ಅಡ್ಡ ಇಟ್ಟುಕೊಂಡು, ನನ್ನ ಮೂರು ಜೀವವನ್ನೂ ಶತ್ರುಗಳಿಗೆ ತಿನ್ನಿಸಿ, 1000 ಇನಾಮು ಹೊಡೆದುಕೊಂಡಿರುತ್ತಿದ್ದ.

ಒಂದು ವಾರ ಸಹಿಸಿದೆ. ಎಂಟನೇ ದಿನ ಅಮ್ಮ ಕೂಗಿದಾಗ ನನಗೊಂದು ಸತ್ಯ ಹೊಳೆಯಿತು. ಗರುಡ ಶತ್ರುವಿನ ಗುಂಡಿಗೆ ಮಾತ್ರ ಸಾಯಬೇಕು ಅಂತೇನೂ ಇಲ್ಲವಲ್ಲ! ಟ್ಯಾಂಕನ್ನು ಎಡಕ್ಕೆ ತಿರುಗಿಸಿದೆ. ನಾಲ್ಕಾರು ಗುಂಡಿನಲ್ಲಿ ಇಟ್ಟಿಗೆ ಉದುರಿತು, ಇನ್ನೊಂದಕ್ಕೆ ಗರುಡ ಢಮಾರ್. ಕೆಳಗಿನಿಂದ ಗೇಮ್ ಓವರ್ ಎಂಬ ಕೆಂಪಕ್ಷರ ನಿಧಾನವಾಗಿ ಮೇಲೆದ್ದಿತು. ನಾನೂ ಅಷ್ಟೇ ನಿಧಾನವಾಗಿ ಮೇಲೆದ್ದು ತಂಬಿಗೆ ತೆಗೆದುಕೊಂಡೆ. ಸ್ಟಾರ್ಟ್ ಬಟನ್ ಇಲ್ಲದವರಿಗೂ ಆಟ ನಿಲ್ಲಿಸುವ ಉಪಾಯವೊಂದಿತ್ತು, ಸ್ವಲ್ಪ ದುಬಾರಿ ಅಷ್ಟೆ.

ಹಾಲು ತರುವಷ್ಟರಲ್ಲಿ ನ್ಯಾಯ ಸೇರಿತ್ತು. "ನಮ್ಮದೇ ಗರುಡನ್ನ ಇವಳೇ ಹೊಡೆದ್ಲು" ಎಂದು ಅಣ್ಣ ಫಿರ್ಯಾದಿ. ನಾನು ರಿಮೋಟಿನ ಬೋಳು ಜಾಗ ತೋರಿಸಿದೆ. ಅಪ್ಪ ಎರಡೂ ರಿಮೋಟು ಅಂಗೈಯಲ್ಲಿಟ್ಟು ತೂಗಿ ನೋಡಿ, "ಇದರಲ್ಲಿ ಎರಡು ಬಟನ್ ಕಮ್ಮಿ ಅಂತ ಮೊದ್ಲೇ ಗೊತ್ತಿದ್ರೆ ಇನ್ನೊಂದು ಇಪ್ಪತ್ತು ರೂಪಾಯಿ ಕಡಿಮೆ ಮಾಡಿಸ್ತಿದ್ದೆ" ಎಂದರು. ತೀರ್ಪು ಅಷ್ಟೇ. ಅಮ್ಮನಿಗೆ ಮಾತ್ರ ನಿಜವಾಗಿ ಬೇಸರವಾಗಿತ್ತು. ಶನಿವಾರ ದೇವಸ್ಥಾನದಲ್ಲಿ ನನ್ನ ಕೈಯಲ್ಲಿ ಹೆಚ್ಚುವರಿ ಎರಡು ಪ್ರದಕ್ಷಿಣೆ ಹಾಕಿಸಿದರು.

ಡಬ್ಬದ ಜೊತೆ ಒಂದು ಪ್ಲಾಸ್ಟಿಕ್ ಗನ್ನೂ ಬಂದಿತ್ತು, ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟಕ್ಕೆ. ಗನ್ನು ಸಹಜವಾಗಿ ಅಣ್ಣನದು. ಗನ್ನಿನ ಬಾಯಲ್ಲಿರುವುದು ಬೆಳಕಿನ ಕಣ್ಣು, ಅದು ಗುಂಡು ಹಾರಿಸುವುದಿಲ್ಲ, ಬೆಳಕು ನೋಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅವನು ಒಂದು ದಿನವಿಡೀ ಅಡುಗೆಮನೆ ಬಲ್ಬಿಗೆ ಗುರಿಯಿಟ್ಟು ಕುದುರೆ ಒತ್ತಿದ. ಒಂದು ಬಾತೂ ಬೀಳಲಿಲ್ಲ. ಕುದುರೆ ಒತ್ತಿದಾಗ ಪರದೆ ಮೊದಲು ಕ್ಷಣಮಾತ್ರ ಕಪ್ಪಾಗಿ, ಆಮೇಲೆ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನು ಕತ್ತಲೆ, ಬೆಳಕು ಎರಡನ್ನೂ ಕಂಡರಷ್ಟೇ ಲೆಕ್ಕ. ಸದಾ ಉರಿಯುವ ಬಲ್ಬಿನಲ್ಲಿ ಕತ್ತಲೆ ಎಲ್ಲಿಂದ ತರುವುದು? ಕರೆಂಟು ಹೋದರೆ ಟೀವಿಯೂ ಹೋಗುತ್ತಿತ್ತು.

ಅವನು ಬಿಟ್ಟ ರಿಮೋಟನ್ನು ನಾನು ಸುಮ್ಮನೆ ಕೈಗೆತ್ತಿಕೊಂಡು ಒತ್ತುತ್ತಾ ಕೂತಿದ್ದೆ. ಬಾತುಕೋಳಿ ನಾನು ಹೇಳಿದ ಕಡೆಗೆ ಹಾರತೊಡಗಿತು! ಒಂದೇ ಬಾತು ಬರುವ ಆಟದಲ್ಲಿ ಗನ್ನಿಲ್ಲದವರು ಅದನ್ನು ಹಾರಿಸಬಹುದು ಎಂಬುದು ಡಬ್ಬದ ಮೇಲೆ ಎಲ್ಲೂ ಬರೆದಿರಲಿಲ್ಲ. ನಾನೂ ಅಣ್ಣನಿಗೆ ಹೇಳಲಿಲ್ಲ. ಅವನು ಒಂದು ಕಣ್ಣು ಮುಚ್ಚಿ ಗುರಿ ಹಿಡಿದ ಕೂಡಲೇ ಸೊಯ್ಯನೆ ಓರೆಯಾಗುತ್ತಿದ್ದೆ. ಮೂರು ಗುಂಡು ಮುಗಿದು ಬಾತು ಹಾರಿಹೋದಾಗ ಹುಲ್ಲಿನಿಂದ ಒಂದು ನಾಯಿ ಎದ್ದು ಕಿಸಕಿಸ ನಗುತ್ತದೆ. ಆ ನಾಯಿಯನ್ನು ನೋಡಿ ಅಷ್ಟು ಸಂತೋಷಪಟ್ಟ ಹುಡುಗಿ ಆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ. ನಾಲ್ಕು ದಿನ ಅವನು ಗನ್ನು ಕೆಟ್ಟಿದೆ ಎಂದೇ ನಂಬಿದ್ದ. ಐದನೇ ದಿನ ನಾಯಿಗಿಂತ ಮೊದಲೇ ನಾನು ನಕ್ಕುಬಿಟ್ಟೆ.

ಕಳೆದ ಯುಗಾದಿಗೆ ಅಣ್ಣನ ಮನೆಗೆ ಹೋಗಿದ್ದೆ. ಹಳೆಯ ಆಟಗಳನ್ನೆಲ್ಲ ತುಂಬಿದ ಪುಟ್ಟ ಡಬ್ಬವೊಂದನ್ನು ಅವನ ಮಗ ತರಿಸಿ ಟೀವಿಗೆ ಸಿಕ್ಕಿಸಿದ್ದ. ರಿಮೋಟುಗಳಿಗೆ ವೈರಿಲ್ಲ, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೂರಬಹುದು. ಎರಡರಲ್ಲೂ ಸ್ಟಾರ್ಟ್ ಬಟನ್ ಇದೆ. ಆದರೂ ಸೋಫಾದಲ್ಲಿ ಒತ್ತಿಕೊಂಡೇ ಕೂತೆವು. ಅಣ್ಣನಿಗೆ ಈಗ ದಪ್ಪ ಕನ್ನಡಕ, ಮೊಣಕೈ ಮಾತ್ರ ಮೊದಲಿನದೇ. ಎರಡನೇ ಊರಿನಲ್ಲೇ ನನ್ನ ಬೆನ್ನಿಗೊಂದು ಬಿತ್ತು.

"ತಪ್ಪಿ ಬಿತ್ತು ಕಣೇ."

ಒಳಗಿನಿಂದ ಅತ್ತಿಗೆ ಊಟಕ್ಕೆ ಕೂಗಿದರು. ಹೋಳಿಗೆ ಆರುತ್ತೆ ಎಂದು ಇನ್ನೊಮ್ಮೆ ಕೂಗಿದರು. "ಐದೇ ನಿಮಿಷ" ಎಂದ ಅಣ್ಣ, ಪರದೆಯಿಂದ ಕಣ್ಣು ತೆಗೆಯದೆ. ನನ್ನ ಹಸಿರು ಟ್ಯಾಂಕು ಗೂಡಿನ ಬಲಗಡೆ ನಿಂತಿತ್ತು. ಹೆಬ್ಬೆರಳು ತಾನಾಗಿಯೇ ಎಡಕ್ಕೆ ಹೊರಳಿತು.

ಹಿಂದೆ ಕುರ್ಚಿಯಲ್ಲಿ ಅವರೆಕಾಳು ಚಿಲುಕುತ್ತಿದ್ದ ಅಮ್ಮ, ತಲೆ ಎತ್ತದೆ ಹೇಳಿದರು: "ಗರುಡನಿಗೆ ಮಾತ್ರ ಹೊಡೀಬೇಡ್ವೇ."